ಸುಟ್ಟ ಬುಡದ ಚಿಗುರು

ಕಲ್ಲಿರೋಯಿಗೆ ತನ್ನದೆಂದು ಇದ್ದದ್ದು ಒಂದೇ ಆಲಿವ್ ಮರ, ಅದೂ ಬೇರೆಯವರ ಹೊಲದಲ್ಲಿ. ಅವಳಜ್ಜ ನೆಲ ಮಾರುವಾಗ ಆ ಮರವೊಂದನ್ನು ಉಳಿಸಿಕೊಂಡಿದ್ದ. ಅದು ತಾಯಿಗೆ ಬಂದು, ತಾಯಿಯಿಂದ ಮದುವೆಯಲ್ಲಿ ಅವಳಿಗೆ ಬಂದಿತ್ತು. ಕ್ರೀಟ್‌ನ ಆ ಬೆಟ್ಟದೂರಿನಲ್ಲಿ ನೆಲ ಒಬ್ಬರದು, ಮರ ಇನ್ನೊಬ್ಬರದು ಆಗಿರುವುದು ಹೊಸತಲ್ಲ. ಮರ ಬದುಕಿರುವವರೆಗೆ ಹಕ್ಕು. ಸತ್ತರೆ ಆ ಹೊಲಕ್ಕೆ ಕಾಲಿಡುವಂತಿಲ್ಲ.

ಹೊಲದ ಒಡೆಯ ಜಖಾರಿಯಾಸ್, ಅವಳ ಗಂಡ ಮನೂಸೋಸನ ಚಿಕ್ಕಪ್ಪನ ಮಗ. ಎಲ್ಲೆಯ ಕಲ್ಲುಗೋಡೆಗಾಗಿ ಜಗಳವಾಡಿ ಇಬ್ಬರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಮನೂಸೋಸ್ ಸತ್ತಾಗಲೂ ಜಖಾರಿಯಾಸ್ ಮಣ್ಣಿಗೆ ಬರಲಿಲ್ಲ. ಆಮೇಲೂ ಕಲ್ಲಿರೋಯಿ ಪ್ರತಿ ಚಳಿಗಾಲ ಹೋಗಿ, ಮರದಡಿ ಬಲೆ ಹಾಸಿ, ಕಾಯಿ ಬಡಿದು, ಅವನ ಮುಖ ನೋಡದೆ ಬರುತ್ತಿದ್ದಳು.

ಒಂದು ಆಗಸ್ಟ್‌ನಲ್ಲಿ ಬೆಟ್ಟಕ್ಕೆ ಬೆಂಕಿ ಬಿತ್ತು. ಪೊಟರೆಯಾಗಿದ್ದ ಆ ಮುದಿಮರ ಮೂರು ದಿನ ಒಳಗೊಳಗೇ ಉರಿದು ಕುಸಿಯಿತಂತೆ. ಅವಳು ಅತ್ತ ಹೋಗಲೇ ಇಲ್ಲ. ತನ್ನ ಮರದ ಎಣ್ಣೆ ತೀರಿ, ಅಂಗಡಿಯಿಂದ ಎಣ್ಣೆ ಬಾಟಲಿ ಕೊಂಡು ಬರುವಾಗ ಮಾತ್ರ ಯಾರಿಗೂ ಕಾಣದಂತೆ ಅದನ್ನು ಶಾಲಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು.

ಎರಡನೇ ವಸಂತದಲ್ಲಿ, ಈಸ್ಟರ್ ಕಳೆದ ವಾರ, ಜಖಾರಿಯಾಸ್ ಬಾಗಿಲಿಗೆ ಬಂದು ನಿಂತ.

“ಅತ್ತಿಗೆ, ನಿಮ್ಮ ಮರ ಚಿಗುರಿದೆ.”

“ನನ್ನ ಮರ ಎಲ್ಲಿದೆ? ಸುಟ್ಟುಹೋಯ್ತಲ್ಲ.”

“ಬೇರು ಸುಟ್ಟಿಲ್ಲ. ಉಳೋವಾಗೆಲ್ಲ ಬುಡ ಬಿಟ್ಟು ಉತ್ತಿದೀನಿ. ಈಗ ಮೂರು ಚಿಗುರು ಹೆಬ್ಬೆರಳು ದಪ್ಪ ಆಗಿವೆ. ಆದ್ರೆ ಅವು ಕಾಡುಚಿಗುರು, ಕಸಿ ಕಟ್ಟಬೇಕು.”

“ಕಿತ್ತುಹಾಕಿದ್ರೆ ನಿನ್ನ ಯಾರು ಕೇಳ್ತಿದ್ರು?”

“ಯಾರೂ ಕೇಳ್ತಿರ್ಲಿಲ್ಲ.” ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. “ಅಣ್ಣನ ಮಣ್ಣಿಗೆ ನಾನು ಬರ್ಲಿಲ್ಲ.”

“ಗೊತ್ತು. ಊರೆಲ್ಲ ಬಂದಿತ್ತು.”

“ಸ್ಮಶಾನದ ಗೇಟಿನವರೆಗೂ ಬಂದಿದ್ದೆ. ಒಳಗೆ ಬರೋಕೆ ಕಾಲೇಳ್ಲಿಲ್ಲ.”

ಕಲ್ಲಿರೋಯಿ ಒಳಗೆ ಹೋದಳು. ಆಮೇಲೆ ಶಾಲು ಹೊದ್ದು ಬಂದು, “ನಡಿ, ಬಿಸಿಲೇರೋದ್ರೊಳಗೆ ಮುಗಿಸೋಣ” ಎಂದಳು.

ಬೆಂಕಿಗೆ ಸಿಗದೆ ಉಳಿದ ತನ್ನ ಮರದಿಂದ ಅವನು ಮೂರು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಮೊದಲ ಚಿಗುರಿನ ತೊಗಟೆ ಸೀಳಲು ಹೋದರೆ ಚಾಕು ಪಕ್ಕಕ್ಕೆ ಜಾರಿತು.

“ಇಲ್ಲಿ ಕೊಡು ಚಾಕು.”

“ನಿಮಗೆ ಬರುತ್ತಾ?”

“ನಮ್ಮಜ್ಜ ಯಾರಿಗೆ ಕಲಿಸಿದ ಅಂದ್ಕೊಂಡೆ?”

ಅವಳು ಸೀಳಿ ಕಡ್ಡಿ ಕೂರಿಸಿದಳು, ಅವನು ದಾರ ಸುತ್ತಿದ.

“ಕಾಯಿ ಬಿಡೋಕೆ ಐದಾರು ವರ್ಷನಾದ್ರೂ ಬೇಕು, ಅತ್ತಿಗೆ. ನಿಮಗೀಗ್ಲೇ ಎಪ್ಪತ್ತೆರಡು.”

“ನಿನಗೇನು ಇಪ್ಪತ್ತಾ?”

ಮೂರನೆಯದನ್ನು ಕಟ್ಟಿದ ಮೇಲೆ ಅವಳು ಏಳಲು ಕರಕಲಾದ ಬುಡದ ಮೇಲೆ ಕೈಯೂರಿದಳು. ಅಂಗೈಗೆ ಮಸಿ ಹತ್ತಿತು. ಅಲ್ಲೇ ಕುಳಿತು ಅತ್ತಳು; ಗಂಡ ಸತ್ತ ದಿನವೂ ಜನರೆದುರು ಹಾಗೆ ಅತ್ತಿರಲಿಲ್ಲ. ಜಖಾರಿಯಾಸ್ ದೂರ ಹೋಗಿ, ಅವಳ ಅಳು ನಿಲ್ಲುವವರೆಗೆ ಹೊಲದ ಕಲ್ಲು ಆಯುತ್ತಿದ್ದ.

ಮೂರರಲ್ಲಿ ಎರಡು ಕಸಿ ಹಿಡಿದವು. ಆಡು ಬಾಯಿ ಹಾಕದಂತೆ ಅವನು ಮುಳ್ಳುಬೇಲಿ ಕಟ್ಟಿದ. ಆ ಬೇಸಿಗೆಯಿಡೀ ಕಲ್ಲಿರೋಯಿ ದಿನ ಬಿಟ್ಟು ದಿನ ಎರಡು ಕ್ಯಾನ್ ನೀರು ಹೊತ್ತುಕೊಂಡು ಹೋದಳು. ದಾರಿಯಲ್ಲಿ ಜಖಾರಿಯಾಸನ ಹೆಂಡತಿ ಕರೆದರೆ ನಿಂತು ಕಾಫಿ ಕುಡಿಯುತ್ತಿದ್ದಳು.