ತುಕ್ಕು ಬ್ಯಾಂಡಿನ ಗುಂಯಣ್ಣ

"ಓರೆ ಮಾಡ್ರೋ, ಓರೆ! ಆಗ ನಮ್ಮ ದೊಡ್ಡ ಸ್ಪೀಕರ್ ಇಳಿಸ್ತಿದ್ವಲ್ಲ, ಹಾಗೆ!" ಬಸ್ ಡ್ರೈವರ್ ಕೂಗಿದ.

ಮೂರನೇ ಮಹಡಿಯಿಂದ ಇಳಿಸುತ್ತಿದ್ದ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಒಳಗಿದ್ದವನು ಗುಂಯಣ್ಣ, ಫ್ರಿಜ್ ರಿಪೇರಿಯವನು, 'ತುಕ್ಕು' ಎಂಬ ರಾಕ್ ಬ್ಯಾಂಡಿನ ಬೇಸ್ ಗಿಟಾರಿನವನು. ಆ ಗಿಟಾರಿನ ಗುಂಯ್ ಎನ್ನುವ ಸದ್ದೇ ಅವನ ಹೆಸರನ್ನು ನುಂಗಿಹಾಕಿತ್ತು. ನಿನ್ನೆ ಯಾರದೋ ಅಡುಗೆಮನೆಯಲ್ಲಿ, ಫ್ರಿಜ್ಜಿನ ಹಿಂದೆ ಕೂತಲ್ಲೇ ಎದೆ ಹಿಡಿದುಕೊಂಡಿದ್ದ.

ಹಿಂದೆಯೇ ಇಳಿಯುತ್ತಿದ್ದ ಹೆಂಡತಿ, ಹೆಗಲು ಕೊಟ್ಟವರನ್ನು ನೋಡಿದಳು. ಎಲ್ಲರೂ ಬ್ಯಾಂಡು ಬಿಟ್ಟವರೇ. ಬಸ್ ಡ್ರೈವರ್ ಮೊದಲ ಡ್ರಮ್ಮರ್. ಏದುಸಿರು ಬಿಡುತ್ತಿದ್ದ ಹಲ್ಲಿನ ಡಾಕ್ಟರು ಮೊದಲ ಹಾಡುಗಾರ. ಮದುವೆ ಫೋಟೋ ತೆಗೆಯುವವನು ಎಷ್ಟೋ ವರ್ಷದ ಮೇಲೆ ಸೇರಿದ ಗಿಟಾರಿಸ್ಟ್. ಆ ಮೊದಲಿಬ್ಬರ ಮುಖವನ್ನು ಈ ಫೋಟೋದವನು ಇವತ್ತೇ ನೋಡಿದ್ದು.

*

ಟೈರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ನಾಲ್ವರು ಹುಡುಗರು ಕಟ್ಟಿದ ಬ್ಯಾಂಡು ಅದು. ಮೊದಲ ವರ್ಷ ಕಾಲೇಜಿನ ಸಭಾಂಗಣ ಕಿಕ್ಕಿರಿದಿತ್ತು. ಆಮೇಲೆ ಹಾಡುಗಾರನಿಗೆ ಪರೀಕ್ಷೆ ಬಂತು, ಡ್ರಮ್ಮರಿಗೆ ನೌಕರಿ ಬಂತು, ಗಿಟಾರಿನವನಿಗೆ ಮಾವ ಬಂದ. ಒಬ್ಬ ಹೋದಾಗಲೆಲ್ಲ ಗುಂಯಣ್ಣ ಇನ್ನೊಬ್ಬನನ್ನು ಎಲ್ಲಿಂದಲೋ ಹಿಡಿದು ತರುತ್ತಿದ್ದ. ರಿಪೇರಿಗೆ ಹೋದ ಮನೆಯ ಒಳಕೋಣೆಯಲ್ಲಿ ಗಿಟಾರ್ ಕೇಳಿಸಿತೆಂದರೆ ಮುಗಿಯಿತು, ಫ್ರಿಜ್ಜಿಗೆ ಗ್ಯಾಸ್ ತುಂಬುವುದೇ ಮರೆತುಹೋಗುತ್ತಿತ್ತು. ಹೊಸಬರು ಹೊಸ ಹಾಡು ತಂದರು; ಹಳೆಯವು ಮೂಲೆ ಸೇರಿದವು. ಬಿಟ್ಟುಹೋದವರನ್ನು ಅವನು ಒಂದು ದಿನವೂ ಬೈಯಲಿಲ್ಲ.

"ನೀವೂ ಬಿಟ್ಟುಬಿಡಿ ಅತ್ಲಾಗೆ," ಎಂದು ಹೆಂಡತಿ ಒಮ್ಮೆ ರೇಗಿದ್ದಳು. "ಭಾನುವಾರನಾದ್ರೂ ಮನೇಲಿರಿ."

"ನಾನೂ ಬಿಟ್ರೆ, ಅವರೆಲ್ಲ ಬಿಟ್ಟುಹೋಗಿದ್ದು ಏನನ್ನ ಅಂತಾಗುತ್ತೆ ಕಣೇ?"

ಆಗ ಅವಳಿಗೆ ನಗು ಬಂದಿತ್ತು.

*

ಚಿತಾಗಾರದ ಜಗಲಿಯಲ್ಲಿ ಸರದಿಗೆ ಕಾಯುವಾಗ ಅವಳೇ ಬಾಯಿಬಿಟ್ಟು ಕೇಳಿದಳು. "ಒಂದು ಹಾಡು ಹೇಳಿ. ವಾದ್ಯ ಇಲ್ದಿದ್ರೂ ಪರವಾಗಿಲ್ಲ."

"ಆಗ್ಲಿ ಅತ್ತಿಗೆ," ಎಂದ ಡ್ರೈವರ್. ಡಾಕ್ಟರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಡ್ರೈವರ್ ತೊಡೆಯ ಮೇಲೆ ತಾಳ ಹಾಕಿದ. ಫೋಟೋದವನು ಪೆಚ್ಚಾಗಿ ನಿಂತ.

"ಇದು ನಮ್ಮ ಕಾಲದಲ್ಲಿ ಇರಲಿಲ್ಲ ಸಾರ್."

ಅವನು ಎತ್ತಿಕೊಂಡ ಹಾಡನ್ನು ಅವರಿಬ್ಬರೂ ಕೇಳಿಯೇ ಇರಲಿಲ್ಲ. ಇನ್ನೊಂದು ಹಿಡಿದರು, ಮತ್ತೊಂದು ಹಿಡಿದರು. ಎರಡು ಸಾಲು ದಾಟಲಿಲ್ಲ. ಎಲ್ಲ ಹಾಡೂ ಗೊತ್ತಿದ್ದವನು ಪೆಟ್ಟಿಗೆಯಲ್ಲಿದ್ದ.

"ಈಗಿನ ಹುಡುಗರೆಲ್ಲಿ? ಅವರನ್ನಾದ್ರೂ ಕೇಳೋಣ," ಎಂದ ಡ್ರೈವರ್.

"ನಂಗೊತ್ತಿಲ್ಲ," ಎಂದ ಫೋಟೋದವನು. "ನಾನು ಬಿಡ್ತೀನಿ ಅಂದಾಗ, ಚಿಂತೆ ಬೇಡ, ಹೊಸಬರು ಸಿಕ್ಕಿದ್ದಾರೆ ಅಂದಿದ್ರು ಗುಂಯಣ್ಣ."

"ಹೋದ ಭಾನುವಾರಾನೂ ಹೋಗಿದ್ರು," ಎಂದಳು ಅವಳು. "ಹುಡುಗ್ರು ಚೆನ್ನಾಗಿ ನುಡಿಸಿದ್ರು ಅಂದ್ರು."

ಕಂಬಕ್ಕೊರಗಿದ್ದ ಟೈರ್ ಅಂಗಡಿಯವನು ನೆಲ ನೋಡಿದ. "ಯಾರೂ ಬರ್ತಿರಲಿಲ್ಲಮ್ಮ. ಈ ಫೋಟೋದವರು ಬಿಟ್ಟ ಮೇಲೆ ಅವರೊಬ್ಬರೇ."

ಒಳಗಿನಿಂದ ಕರೆ ಬಂತು. ಪೆಟ್ಟಿಗೆ ಹೋಯಿತು, ಕಬ್ಬಿಣದ ಬಾಗಿಲು ಮುಚ್ಚಿತು. ಹಾಡು ಹಾಗೇ ಉಳಿಯಿತು.

"ಒಂದ್ಸಲ ಎಲ್ಲ ಸೇರೋಣ," ಎಂದರು ಡಾಕ್ಟರು. ಎಲ್ಲರೂ ಹೂಂಗುಟ್ಟಿದರು. ಯಾರೂ ಯಾರ ನಂಬರನ್ನೂ ಕೇಳಲಿಲ್ಲ.

ಬೂದಿ ಸಿಗುವುದು ಸಂಜೆಗೆ ಎಂದಾಗ, ಅವಳು ಟೈರ್ ಅಂಗಡಿಯವನ ಜೊತೆ ಗೋದಾಮಿಗೆ ಹೋದಳು. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಬಾಗಿಲು ತೆಗೆದರೆ ರಬ್ಬರಿನ ಘಾಟು. ಡ್ರಮ್ಮುಗಳಿಗೆ ಹಳೆಯ ಚಾದರ ಹೊದಿಸಿತ್ತು. ಕೋಣೆಯ ನಟ್ಟನಡುವೆ ಹಾಡುಗಾರನ ಮೈಕು ನಿಂತಿತ್ತು. ಅದರ ಸುತ್ತ ಬೆರಳು ದಪ್ಪ ಧೂಳು, ಒಂದು ಹೆಜ್ಜೆಯ ಗುರುತೂ ಇಲ್ಲ. ಬಾಗಿಲಿನಿಂದ ಗೋಡೆಯಂಚಿಗೇ ಒಂದು ಕಾಲುದಾರಿ ಹೋಗಿತ್ತು. ಅದು ಮುಗಿದ ಹಿಂದಿನ ಮೂಲೆಯಲ್ಲಿ, ಡ್ರಮ್ಮುಗಳ ಪಕ್ಕ, ಬೇಸ್ ಗಿಟಾರಿನವನು ನಿಲ್ಲುವ ಜಾಗದಲ್ಲಿ, ಎರಡು ಪಾದದಗಲ ನೆಲ ಸವೆದು ಹೊಳೆಯುತ್ತಿತ್ತು.