ಮೂರು ಮುಚ್ಚಳ ಫಿನಾಯಿಲ್

ಆ ಮನೆಯ ಹಿರಿಯ ಸೊಸೆಗೆ ಕಿರಿಯ ಸೊಸೆಯ ಮೇಲೆ ಹೊಟ್ಟೆಕಿಚ್ಚು. ಒಡವೆಗಲ್ಲ, ಸೀರೆಗಲ್ಲ, ಒಂದು ಬೆಕ್ಕಿಗಾಗಿ. ನಗುವವರು ನಗಲಿ. ತಾನು ಕೆಲಸ ಮಾಡುವ ಆಸ್ಪತ್ರೆಯ ಹಿತ್ತಲಲ್ಲಿ ಬಿದ್ದಿದ್ದ, ಇನ್ನೂ ಕಣ್ಣು ಬಿಡದ ಕರಿ ಮರಿಯನ್ನು ಟವೆಲಿನಲ್ಲಿ ಸುತ್ತಿ ತಂದವಳು ಹಿರಿಯವಳು. ಹಾಲನ್ನು ಹನಿಹನಿಯಾಗಿ ಕುಡಿಸಿ ಬದುಕಿಸಿದವಳು ಅವಳು. ಮಸಿ ಎಂದು ಕರೆದವಳೂ ಅವಳೇ. ಆ ಮಸಿ ಈಗ ಮಲಗುವುದೆಲ್ಲಿ? ಓರಗಿತ್ತಿಯ ಕೋಣೆಯಲ್ಲಿ!

ಓರಗಿತ್ತಿ ಮನೆಯಲ್ಲೇ ಕೂತು ಬಟ್ಟೆ ಹೊಲಿಯುವವಳು. ಅವಳದ್ದನ್ನು ಕೋಣೆ ಅನ್ನುವುದೇ ದೊಡ್ಡ ಮಾತು. ಮೂಲೆಯಲ್ಲಿ ದಾರದ ಸಿಕ್ಕು, ಮಂಚದ ಕೆಳಗೆ ತುಂಡುಬಟ್ಟೆ, ನೆಲಕ್ಕೆ ಎಂಟು ದಿನಕ್ಕೊಮ್ಮೆ ಬರೀ ನೀರು. ಮಸಿಗೆ ಆ ತುಂಡುಬಟ್ಟೆಯ ಗುಡ್ಡೆಯೇ ಸ್ವರ್ಗ.

"ಅದಕ್ಕೆ ಏನು ಮದ್ದು ಹಾಕಿದ್ದೀಯೇ ನೀನು?" ಎಂದು ಹಿರಿಯವಳು ಒಮ್ಮೆ ಕೇಳಿಯೇ ಬಿಟ್ಟಳು.

"ನಾನೇನೂ ಹಾಕಿಲ್ಲ ಅಕ್ಕ. ಅದಾಗೇ ಬರುತ್ತೆ."

ಆ 'ಅದಾಗೇ' ಅನ್ನುವ ಮಾತು ಅವಳಿಗೆ ರಾತ್ರಿಯೆಲ್ಲ ಚುಚ್ಚಿತು.

ಹಿರಿಯವಳ ಕೋಣೆಗೇನು ಕಡಿಮೆಯಾಗಿತ್ತು? ಹದಿನಾರು ವರ್ಷ ವಾರ್ಡು ಒರೆಸಿದ ಕೈ ಅದು. ವಾರ್ಡಿನಲ್ಲಿ ನೀರಿಗೆ ಫಿನಾಯಿಲ್ ಬೆರೆಸುವುದಕ್ಕೆ 'ಹಾಲು ಮಾಡೋದು' ಎಂದೇ ಹೆಸರು, ನೀರು ಬೆಳ್ಳಗಾಗುತ್ತದಲ್ಲ, ಅದಕ್ಕೆ. ಬಕೆಟ್ಟಿಗೆ ಒಂದು ಮುಚ್ಚಳ ಸಾಕು. ಆದರೆ ಮಸಿ ಅವಳ ಬಾಗಿಲಿಗೆ ಬಂದು, ಮೂಗು ಸೊಟ್ಟಗೆ ಮಾಡಿ ತಿರುಗಿ ಹೋಗುತ್ತಿತ್ತು. ಕೋಣೆ ನಾರುತ್ತಿರಬೇಕು ಎಂದುಕೊಂಡು ಎರಡು ಮುಚ್ಚಳ ಹಾಕಿದಳು. ಬರಲಿಲ್ಲ. ಮೂರು ಹಾಕಿದಳು.

ಮೂರಕ್ಕೂ ಬರದಿದ್ದಾಗ, ರಜೆಯ ದಿನ ಮಧ್ಯಾಹ್ನ ಅದನ್ನು ಎತ್ತಿ ತಂದು ಬಾಗಿಲು ಹಾಕಿದಳು. ಮಸಿ ಒದ್ದೆ ನೆಲದ ಮೇಲೆ ಎರಡು ಸುತ್ತು ಹಾಕಿ, ಕೂತು, ಒಂದೊಂದೇ ಪಾದ ನೆಕ್ಕತೊಡಗಿತು. ಅಂತೂ ನನ್ನ ಕೋಣೆ ಒಗ್ಗಿತು ಎಂದು ಅವಳು ಹಿಗ್ಗಿ ಹೀರೇಕಾಯಿಯಾದಳು.

ಸಂಜೆಯ ಹೊತ್ತಿಗೆ ಬೆಕ್ಕಿನ ಬಾಯಲ್ಲಿ ಜೊಲ್ಲು ಧಾರೆ. ಕಾಲು ನಿಲ್ಲಲೊಲ್ಲವು. ಇಬ್ಬರೂ ಚಪ್ಪಲಿಯನ್ನೂ ಮರೆತು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದರು. ಡಾಕ್ಟರು ಪಾದ ಮೂಸಿ ನೋಡಿದರು.

"ಫಿನಾಯಿಲ್. ಬೆಕ್ಕಿಗೆ ಇದು ವಿಷ ಕಣಮ್ಮ. ನೆಲದಿಂದ ಪಾದಕ್ಕೆ, ಪಾದದಿಂದ ಹೊಟ್ಟೆಗೆ. ಯಾರು ಒರೆಸಿದ್ದು?"

ಹಿರಿಯವಳು ಬಾಯಿ ತೆರೆಯುವ ಮೊದಲೇ ಓರಗಿತ್ತಿ, "ನಾನೇ ಡಾಕ್ಟ್ರೇ," ಎಂದಳು.

ಮಾನ ಉಳಿಸಿದವಳಿಗೆ ಕೈ ಮುಗಿಯಬೇಕಿತ್ತು. ಆದರೆ ಹಿರಿಯವಳಿಗೆ ಬಂದದ್ದು ಮತ್ತದೇ ಉರಿ. ಬೆಕ್ಕೂ ಇವಳದ್ದು, ಒಳ್ಳೆಯತನವೂ ಇವಳದ್ದು, ಈಗ ನನ್ನ ತಪ್ಪೂ ಇವಳದ್ದೇ ಆಗಬೇಕೇ?

"ಸುಳ್ಳು! ಇವಳು ಒಂದು ದಿನವಾದರೂ ನೆಟ್ಟಗೆ ನೆಲ ಒರೆಸಿದವಳಲ್ಲ. ಹಾಲು ಮಾಡಿದ್ದು ನಾನು. ಮೂರು ಮುಚ್ಚಳ."

"ಹಾಲಾ?"

"ಫಿನಾಯಿಲ್ ಡಾಕ್ಟ್ರೇ. ನಾವು ಅದನ್ನ ಹಾಲು ಅಂತೀವಿ," ಎನ್ನುವಷ್ಟರಲ್ಲಿ ಅವಳಿಗೆ ಅಳು ಒತ್ತರಿಸಿ ಬಂತು.

ಡಾಕ್ಟರು ಬೈಯಲಿಲ್ಲ. ಪಾದಗಳನ್ನು ಸೋಪು ಹಾಕಿ ತೊಳೆದರು, ಡ್ರಿಪ್ ಹಾಕಿದರು. ಬಹಳ ಹೊತ್ತಾದ ಮೇಲೆ ಮಸಿ ಕಣ್ಣು ಬಿಟ್ಟಿತು.

"ಬದುಕುತ್ತೆ. ಎರಡು ದಿನ ಇಲ್ಲಿರಲಿ. ಆಮೇಲೆ ಫಿನಾಯಿಲ್ ಸೋಕದ ಜಾಗದಲ್ಲಿ ಇಡಬೇಕು. ನಿಮ್ಮನೇಲಿ ಅಂಥ ಜಾಗ ಇದೆಯಾ?"

ಓರಗಿತ್ತಿ ಬಗ್ಗಿ ಮಸಿಯ ತಲೆ ಸವರತೊಡಗಿದಳು. ಅದನ್ನು ಹಿರಿಯವಳೇ ಹೇಳಬೇಕಾಯಿತು.

"ಇದೆ," ಎಂದಳು. "ಇವಳ ಕೋಣೆ."