ಗಂಡಂದಿರ ಸಹಿ

"ಮುಂದಿನ ಚಳಿಗಾಲದೊಳಗೆ ಶುಗರ್ ರನ್ ಹಳ್ಳಕ್ಕೆ ಸೇತುವೆ ಹಾಕಿಸ್ತೀನಿ. ಇದು ನನ್ನ ಮಾತು" ಎಂದು ಡ್ವೇನ್ ಕೆಟರ್‌ಮನ್ ಹೇಳಿದ್ದು ಐಲೀನಳ ಅಪ್ಪನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಚರ್ಚಿನ ನೆಲಮಾಳಿಗೆಯ ಊಟದಲ್ಲಿ. ಒಂದು ಕೈಯಲ್ಲಿ ಆಲೂಗಡ್ಡೆ ಸಲಾಡಿನ ತಟ್ಟೆ, ಇನ್ನೊಂದು ಕೈ ಅವಳ ಅಮ್ಮನ ಭುಜದ ಮೇಲೆ. ಆಗ ಐಲೀನಳಿಗೆ ಹದಿನೇಳು. ಅಪ್ಪನಿಗೆ ಎದೆನೋವು ಬಂದ ಶನಿವಾರ ಮಳೆ ಸುರಿದು ಹಳ್ಳ ಉಕ್ಕಿತ್ತು. ಅಲ್ಲಿ ಸೇತುವೆಯಿಲ್ಲ, ನೀರಿನಡಿ ಹಾಸಿದ ಕಾಂಕ್ರೀಟಿನ ಮೇಲೆ ಹಾದು ದಾಟಬೇಕು. ಆಂಬುಲೆನ್ಸು ಆ ದಡದಲ್ಲಿ ಕೆಂಪು ದೀಪ ತಿರುಗಿಸುತ್ತ ನಲವತ್ತು ನಿಮಿಷ ನಿಂತಿತು. ಈ ದಡದಲ್ಲಿ ಅಪ್ಪ ತನ್ನ ಪಿಕಪ್ಪಿನ ಸೀಟಿನಲ್ಲೇ ಪ್ರಾಣ ಬಿಟ್ಟ.

ಡ್ವೇನ್ ಆಗಲೇ ಹಾರ್ಮನ್ ಟೌನ್‌ಶಿಪ್ಪಿನ ಟ್ರಸ್ಟಿ. ಇಪ್ಪತ್ತೊಂದು ವರ್ಷವಾದ ಮೇಲೂ ಅವನೇ. ಟ್ರಸ್ಟಿ ಅಂದರೆ ಅಂಥ ದೊಡ್ಡ ಹುದ್ದೆಯೇನಲ್ಲ. ಊರವರು ಆರಿಸಿದ ಮೂವರಿರುತ್ತಾರೆ, ಪಂಚಾಯತಿಯ ಹಾಗೆ. ಊರಿನ ಜಲ್ಲಿ ರಸ್ತೆ, ಮೋರಿ, ಸ್ಮಶಾನದ ಹುಲ್ಲು, ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ, ಇಷ್ಟೇ ಅವರ ರಾಜ್ಯ. ಆದರೆ ಒಹಾಯೊದ ಈ ಗುಡ್ಡಗಳಲ್ಲಿ ಜನವರಿ ತಿಂಗಳಲ್ಲಿ ಹಿಮದ ಲಾರಿ ಯಾರ ಕೈಯಲ್ಲಿದೆಯೋ ಅವನೇ ದೊರೆ. ಆ ಲಾರಿ ಊರ ರಸ್ತೆ ಬಿಟ್ಟು ಯಾರ ಮನೆಯ ದಾರಿಗೂ ಇಳಿಯಬಾರದು ಎಂದು ನಿಯಮ. ಡ್ವೇನನ ಲಾರಿ ಇಳಿಯುತ್ತಿತ್ತು. ಯಾರ ಮನೆಗೆ ಇಳಿಯಬೇಕು, ಯಾರ ಮನೆ ಮುಂದೆ ಕಣ್ಣು ಮುಚ್ಚಿಕೊಂಡು ಹೋಗಬೇಕು ಎಂಬ ಪಟ್ಟಿ ಅವನ ತಲೆಯಲ್ಲೇ ಇತ್ತು.

ಐಲೀನಳ ಅಮ್ಮ ಸೇತುವೆ ಕಾಣದೆಯೇ ಹೋದಳು. ಐಲೀನ್ ಮದುವೆಯಾಗಿ ಅದೇ ಮನೆಯಲ್ಲಿ ಉಳಿದಳು. ಗಂಡನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಅವಳಿಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಹಳ್ಳ ಉಕ್ಕಿದ ದಿನ ಶಾಲೆಯ ಬಸ್ಸು ಆ ದಡದಿಂದಲೇ ಹಿಂದಿರುಗುತ್ತಿತ್ತು. ಕಳೆದ ಏಪ್ರಿಲ್‌ನಲ್ಲಿ ಚಿಕ್ಕ ಮಗಳಿಗೆ ಉಬ್ಬಸ ಕಟ್ಟಿಕೊಂಡಾಗ ಐಲೀನ್ ಅವಳನ್ನು ಹೆಗಲ ಮೇಲೆ ಹೊತ್ತು ಸೊಂಟಮಟ್ಟದ ನೀರಿನಲ್ಲಿ ಹಳ್ಳ ದಾಟಿದಳು. ಮಗು ಉಳಿಯಿತು. ಮರುವಾರ ಅವಳು ಟ್ರಸ್ಟಿಗಳ ಸಭೆಗೆ ಹೋಗಿ ಕೇಳಿದಳು.

"ದುಡ್ಡಿಲ್ಲಮ್ಮ" ಎಂದ ಡ್ವೇನ್. "ಅಷ್ಟು ಅವಸರ ಇದ್ರೆ ನವೆಂಬರ್ ಚುನಾವಣೇಲಿ ನೀನೇ ನಿಲ್ಲು. ಮಕ್ಕಳಿಗೆ ಸಾರು ಬಡಿಸೋಳಿಗೆ ರಸ್ತೆ ಮಾಡೋದೇನು ಮಹಾ!"

ಉಳಿದಿಬ್ಬರು ಟ್ರಸ್ಟಿಗಳು ನಕ್ಕರು. ಐಲೀನ್ ನಿಂತಳು.

ನಿಲ್ಲಲು ಬೇಕಾದದ್ದು ಊರಿನ ಇಪ್ಪತ್ತೈದು ಮತದಾರರ ಸಹಿ. ಇಪ್ಪತ್ತೈದು ಯಾವ ದೊಡ್ಡ ಸಂಖ್ಯೆ ಎಂದುಕೊಂಡಿದ್ದಳು. ಜುಲೈ ತಿಂಗಳ ಒಂದೊಂದು ಸಂಜೆಯೂ, ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಊಟ ಹಾಕುವ ಶಾಲೆಯಲ್ಲಿ ದಿನವಿಡೀ ಒಲೆ ಮುಂದೆ ನಿಂತ ಕಾಲುಗಳಲ್ಲೇ, ಮನೆ ಮನೆ ಬಾಗಿಲು ತಟ್ಟಿದಳು. "ಪಾಪ, ನೀನು ಒಳ್ಳೆಯೋಳೇ" ಎಂದು ಐಸ್ ಟೀ ಕೊಟ್ಟರು, ಸಹಿ ಕೊಡಲಿಲ್ಲ. ಹಾಕಿದವರಲ್ಲಿ ಹೆಂಗಸರೇ ಹೆಚ್ಚು. ಗಂಡಸರು ಹುಲ್ಲಿನ ಎರಡನೇ ಕೊಯ್ಲಿಗೆ ಹೊಲಕ್ಕಿಳಿದಿದ್ದರು. ಈ ಕಡೆ ಒಂದು ರೂಢಿಯಿದೆ: ಮನೆಯ ಕಾಗದವೆಲ್ಲ ಹೆಂಡತಿಯ ಕೈಯಲ್ಲಿ. ಚೆಕ್ಕು, ತೆರಿಗೆ, ಹುಟ್ಟುಹಬ್ಬದ ಕಾರ್ಡು, ಎಲ್ಲಕ್ಕೂ ಗಂಡನ ಹೆಸರನ್ನು ಅವಳೇ ಬರೆಯುತ್ತಾಳೆ. ಹಾಗೆಯೇ ನಾಲ್ಕು ಅಡುಗೆಮನೆಗಳಲ್ಲಿ ನಾಲ್ವರು ಹೆಂಗಸರು ತಮ್ಮ ಸಹಿಯ ಕೆಳಗೆ ಗಂಡನ ಸಹಿಯನ್ನೂ ಹಾಕಿ ಪೆನ್ನು ಮುಚ್ಚಿಕೊಟ್ಟರು. ತಪ್ಪು ಎಂದು ಐಲೀನಳಿಗೆ ಹೊಳೆಯದಿರಲಿಲ್ಲ. ಎದುರಿಗೆ ಪೀಚ್ ಕಡುಬು ಇಟ್ಟು ಕೂತ ಮುದುಕಿಗೆ "ಇದು ಆಗಲ್ಲ" ಎನ್ನಲು ಬಾಯಿ ಬರಲಿಲ್ಲ.

ಆಗಸ್ಟಿನಲ್ಲಿ, ಅರ್ಜಿ ಕೊಡುವ ಕೊನೆಯ ದಿನ, ಮಧ್ಯಾಹ್ನದ ಅಡುಗೆ ಮುಗಿಸಿ, ಅರ್ಧ ದಿನ ರಜೆ ಹಾಕಿ ಅವಳು ಜಿಲ್ಲಾ ಚುನಾವಣಾ ಕಚೇರಿಗೆ ಬಂದಳು. ಇಪ್ಪತ್ತೇಳು ಸಹಿ. ಕೌಂಟರಿನ ಆಚೆ ಗುಮಾಸ್ತೆ ಮಿಸೆಸ್ ಟಾಲಿವರ್. ಈಚೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ತನ್ನ ಅರ್ಜಿ ಆಗಲೇ ಕೊಟ್ಟು ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಡ್ವೇನ್ ಕೆಟರ್‌ಮನ್.

ಗುಮಾಸ್ತೆ ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಸಹಿ ಮಾಡೋಕೆ ಮುಂಚೆ ಇದನ್ನ ಓದಿ. ಎಲ್ರಿಗೂ ಹೇಳ್ತೀನಿ, ಯಾರೂ ಓದಲ್ಲ."

ಪ್ರತಿಯೊಂದು ಸಹಿಯೂ ನನ್ನ ಕಣ್ಣೆದುರು ಆಯಾ ವ್ಯಕ್ತಿಯ ಕೈಯಿಂದಲೇ ಆಗಿದೆ, ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ, ಎಂದಿತ್ತು.

ಡ್ವೇನ್ ಎದ್ದು ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. "ಕ್ಲೆಲ್ ಸೇಯರ್ ಕೈಬರಹ ಇಷ್ಟು ಚೆಂದ ಯಾವಾಗ ಆಯ್ತು, ಮಗಳೇ? ಹುಲ್ಲು ಕಟ್ಟೋ ಯಂತ್ರ ಅವನ ಎರಡು ಬೆರಳು ತಿಂದ ಮೇಲೆ ಅವನು ಬರೆದ್ರೆ ಕೋಳಿ ಕೆದಕಿದ ಹಾಗಿರುತ್ತೆ. ಇದು ನೋಡು, ಮದುವೆ ಕರೆಯೋಲೆ ಇದ್ದ ಹಾಗಿದೆ!"

ಐಲೀನ್ ಕಾಗದದ ಮೇಲೆ ಅಂಗೈ ಮುಚ್ಚಿದಳು.

"ಕೊಡು, ಕೊಡು. ನಾನ್ಯಾಕೆ ಈಗ ಬಾಯಿ ಬಿಡ್ಲಿ? ನಾಲ್ಕು ಗಂಟೆ ಹೊಡೀಲಿ. ಆಮೇಲೆ ಬಾಯಿಬಿಟ್ರೆ ನಿನ್ನ ಕಾಗದಾನೂ ಹೋಯ್ತು, ಶಾಲೆ ಕೆಲಸಾನೂ ಹೋಯ್ತು."

ಬಾಯಿ ಬಿಡುವುದಿಲ್ಲ ಎನ್ನುತ್ತಲೇ ಬಿಟ್ಟಿದ್ದ. ಇಪ್ಪತ್ತೊಂದು ವರ್ಷ ಯಾರೂ ಎದುರು ನಿಲ್ಲದವನಿಗೆ ನಾಲಿಗೆ ಹಿಡಿಯುವುದು ಮರೆತೇಹೋಗಿತ್ತು.

ಐಲೀನಳ ಕಿವಿ ಬಿಸಿಯಾಯಿತು. ಅವನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಪೆನ್ನು ತೆಗೆದುಕೊಂಡು ನಾಲ್ವರು ಗಂಡಂದಿರ ಹೆಸರಿನ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದಳು. ಉಳಿದದ್ದು ಇಪ್ಪತ್ಮೂರು. ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು.

ಮಿಸೆಸ್ ಟಾಲಿವರ್ ಗೋಡೆಯ ಕಡೆ ನೋಡುತ್ತ ಹೇಳಿದಳು, "ಕೆಳಗೆ ಇನ್ನೂ ಖಾಲಿ ಸಾಲಿವೆ. ನಾವು ನಾಲ್ಕಕ್ಕೆ ಬಾಗಿಲು ಹಾಕ್ತೀವಿ. ನಾಲ್ಕು ಗಂಟೆ ಒಂದು ನಿಮಿಷಕ್ಕಲ್ಲ."

ಊರಿಗೆ ಇಪ್ಪತ್ತನಾಲ್ಕು ಮೈಲಿ. ಆ ನಾಲ್ವರು ಗಂಡಂದಿರಲ್ಲಿ ಮೊದಲು ಸಿಕ್ಕಿದ್ದು ಲೆಸ್ಟರ್ ನೋಲನ ಹಾಲಿನ ಕೊಟ್ಟಿಗೆ. ಅವನು ಕಾಗದವನ್ನು ಮುಟ್ಟಲೂ ಇಲ್ಲ.

"ನನ್ನ ಹೆಂಡ್ತಿ ಹಾಕಿದ್ದು ಸಾಲ್ದಾ?"

"ನೀವೇ ಹಾಕ್ಬೇಕಂತೆ."

"ಅವಳು ಹಾಕಿದ್ದು ನನಗೆ ಗೊತ್ತೇ ಇಲ್ಲ, ನೋಡು. ಅದೇ ಚೆನ್ನಾಗಿತ್ತು." ಬಕೆಟ್ಟು ತೊಳೆಯುತ್ತ ಅಂದ, "ನಾನು ಯಾರ ವಿರುದ್ಧಾನೂ ಇಲ್ಲಮ್ಮ."

ಆಗ ಅವಳಿಗೆ ಇಡೀ ಊರು ಅರ್ಥವಾಯಿತು. ಹೆಂಡತಿ ಹಾಕಿದ ಸಹಿಯಲ್ಲಿ ಗಂಡ ಇರುತ್ತಾನೆ, ಇರುವುದೂ ಇಲ್ಲ. ಐಲೀನ್ ಗೆದ್ದರೆ "ನಾನೂ ಹಾಕಿದ್ದೆ" ಅನ್ನಬಹುದು, ಡ್ವೇನ್ ಗೆದ್ದರೆ "ಅವಳು ಗೀಚಿದ್ದಾಳೆ, ನನಗೇನು ಗೊತ್ತು" ಅನ್ನಬಹುದು.

"ಯಾರ ವಿರುದ್ಧಾನೂ ಇಲ್ಲ, ಯಾರ ಪರಾನೂ ಇಲ್ಲ" ಎಂದಳು. "ಬೆನ್ನುಮೂಳೆ ನಿಮ್ಮ ಹಸುಗಳಿಗಾದ್ರೂ ಇದೆ, ಲೆಸ್ಟರ್."

ಎರಡನೆಯವನು ದನದ ಹರಾಜಿಗೆ ಪಕ್ಕದ ಜಿಲ್ಲೆಗೆ ಹೋಗಿದ್ದ. ಮೂರನೆಯವನು ವೆರ್ಲ್ ಸ್ಟಂಪ್, ತನ್ನ ಟ್ರಕ್ಕಿನ ಅಡಿಯಲ್ಲಿ ಮಲಗಿದ್ದ. ವಿಷಯ ಕೇಳಿ ಒಂದು ಕೈ ಮಾತ್ರ ಹೊರಗೆ ಚಾಚಿದ. "ಕೊಡು ಇಲ್ಲಿ, ಎಲ್ಲಿ ಗೀಚ್ಬೇಕು?"

"ಹೊರಗೆ ಬನ್ನಿ. ನೀವು ಹಾಕೋದನ್ನ ನಾನು ನೋಡ್ಬೇಕು."

"ನೋಡೋಕೆ ನಾನೇನು ಹೊಸ ಮದುಮಗನಾ? ಇಂಜಿನ್ ಆಯಿಲ್ ಸೋರ್ತಿದೆ, ಕೈ ಬಿಟ್ರೆ ಮುಖಕ್ಕೇ ಬೀಳುತ್ತೆ. ನೀನೇ ಒಳಗೆ ಬಾ."

ಐಲೀನ್ ಜಲ್ಲಿಯ ಮೇಲೆ ಬೋರಲು ಮಲಗಿ ಟ್ರಕ್ಕಿನ ಅಡಿಗೆ ತೆವಳಿದಳು. ವೆರ್ಲ್ ಒಂದು ಕೈಯಲ್ಲಿ ನಟ್ಟು ಒತ್ತಿಕೊಂಡು ಇನ್ನೊಂದರಲ್ಲಿ ಸಹಿ ಹಾಕಿದ. ಇಪ್ಪತ್ನಾಲ್ಕು. ಹೊರಬಂದಾಗ ಎರಡು ದಾಟಿತ್ತು.

ಉಳಿದವನು ಕ್ಲೆಲ್ ಸೇಯರ್ ಒಬ್ಬನೇ. ಗುಡ್ಡದ ಮೇಲಿನ ಹೊಲದಲ್ಲಿ ಹುಲ್ಲು ಕಟ್ಟುತ್ತಿದ್ದ. ಅವಳನ್ನು ಕಂಡು ಟ್ರ್ಯಾಕ್ಟರ್ ನಿಲ್ಲಿಸಿದ, ಇಳಿಯಲಿಲ್ಲ. ಎಲ್ಲ ಕೇಳಿ ಟೋಪಿ ತೆಗೆದು ಬೆವರು ಒರೆಸಿಕೊಂಡ.

"ಆಗಲ್ಲ, ಐಲೀನ್. ವಿಲ್ಮಾಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಮ್ಮ ದಾರಿ ನೋಡಿದ್ದೀಯಲ್ಲ, ಅರ್ಧ ಮೈಲಿ ಏರು. ಹಿಮ ಬಿದ್ದ ದಿನ ಬೆಳಿಗ್ಗೆ ಐದಕ್ಕೆ ಡ್ವೇನ್ ಲಾರಿ ಕಳಿಸ್ತಾನೆ. ಕಳಿಸ್ದೇ ಹೋದ್ರೆ?"

"ಅದು ಅವನಪ್ಪನ ಮನೆ ಲಾರಿ ಅಲ್ಲ, ಕ್ಲೆಲ್! ನಿಮ್ಮ ತೆರಿಗೆ, ನನ್ನ ತೆರಿಗೆ. ನಮ್ಮ ಲಾರೀನೇ ನಮಗೆ ಭಿಕ್ಷೆ ಹಾಕ್ತಿದ್ದಾನೆ, ನೀವು ಟೋಪಿ ಬಿಚ್ಚಿ ಇಸ್ಕೋತಿದ್ದೀರಿ."

"ನಿನಗೆ ಸಿಟ್ಟು. ನನಗೆ ಹೆಂಡ್ತಿ."

ಐಲೀನ್ ಕಾಗದ ಮಡಚತೊಡಗಿದಳು. ಹಿಂದೆ ಹುಲ್ಲು ಸರಸರ ಎಂದಿತು. ವಿಲ್ಮಾ, ಮನೆಯ ಚಪ್ಪಲಿಯಲ್ಲೇ, ಕೊಯ್ದ ಹೊಲದ ಕೂಳೆ ತುಳಿದುಕೊಂಡು ಬರುತ್ತಿದ್ದಳು. ತೋಳಿಗೆ ಸುತ್ತಿದ ಬ್ಯಾಂಡೇಜು ಬಿಚ್ಚಿರಲಿಲ್ಲ. ಬಂದವಳೇ ಮೆಟ್ಟಿಲ ಮೇಲೆ ಕಾಲಿಟ್ಟು ಟ್ರ್ಯಾಕ್ಟರಿನ ಕೀಲಿ ಕಿತ್ತುಕೊಂಡಳು.

"ಏನಂದೆ? ನನ್ನ ಹೆಸರು ಹೇಳಿ ಏನಂದೆ?"

"ವಿಲ್ಮಾ, ಬಿಸಿಲಲ್ಲಿ ಯಾಕೆ ಬಂದೆ..."

"ನಲವತ್ತಮೂರು ವರ್ಷದಿಂದ ನಿನ್ನ ಹೆಸರು ನಾನು ಬರೀತಾ ಇದ್ದೀನಿ. ನಿನ್ನ ತಂಗಿಗೆ ಬರೆದ ಪ್ರೀತಿಯ ಕಾರ್ಡೆಲ್ಲ ನಂದು, ನೀನು ಒಂದನ್ನೂ ಓದಿಲ್ಲ. ಸರಿ, ಇವತ್ತಿಂದ ನಿಲ್ಸಿದೆ. ತೆರಿಗೆ ನೀನು ಬರಿ, ಬ್ಯಾಂಕಿಗೆ ನೀನು ಬರಿ, ಆಸ್ಪತ್ರೆ ಕಾಗದ ನೀನು ಬರಿ."

"ಲಾರಿ ಬರ್ದೇ ಇದ್ರೆ ನೀನು ಸಾಯ್ತೀಯ ಕಣೇ!"

"ಸಾಯೋಳು ನಾನು. ಹೆದರೋದಾದ್ರೆ ನಾನು ಹೆದರ್ತೀನಿ, ನನ್ನ ಹೆಸರಲ್ಲಿ ನೀನು ಹೆದರ್ಬೇಡ. ಇವಳಪ್ಪ ಆ ಹಳ್ಳದ ದಡದಲ್ಲಿ ಸತ್ತಾಗ ಶವಪೆಟ್ಟಿಗೆ ಹೊತ್ತೋನು ನೀನು. ಹಾಕು ಸಹಿ."

ಕ್ಲೆಲ್ ಇಳಿದ. ಬಿಸಿಯೇರಿದ ಟ್ರ್ಯಾಕ್ಟರಿನ ಮಡ್ಗಾರ್ಡಿನ ಮೇಲೆ ಕಾಗದವಿಟ್ಟು ಮೂರು ಬೆರಳಲ್ಲಿ ಪೆನ್ನು ಹಿಡಿದ. ಕೋಳಿ ಕೆದಕಿದ ಹಾಗೆಯೇ ಬಂತು. ಪಕ್ಕದಲ್ಲೊಂದು ಗ್ರೀಸಿನ ಹೆಬ್ಬೆಟ್ಟೂ ಬಿತ್ತು. ವಿಲ್ಮಾ ಬಗ್ಗಿ ನೋಡಿ, "ಥೂ, ಎಂಥ ಅಕ್ಷರ" ಎಂದಳು.

ಐಲೀನ್ ಕಚೇರಿ ಬಾಗಿಲು ನೂಕಿದಾಗ ನಾಲ್ಕಕ್ಕೆ ಒಂಬತ್ತು ನಿಮಿಷವಿತ್ತು. ಡ್ವೇನ್ ಅದೇ ಕುರ್ಚಿಯಲ್ಲಿದ್ದ. ಮಿಸೆಸ್ ಟಾಲಿವರ್ ಸಾಲು ಸಾಲು ಬೆರಳಿಟ್ಟು ಎಣಿಸಿ ಇಪ್ಪತ್ತೈದು ಎಂದಳು. ಪ್ರಮಾಣದ ಕೆಳಗೆ ಐಲೀನ್ ಸಹಿ ಹಾಕಿದಳು. ಮೊಹರು ಬಿತ್ತು. ಡ್ವೇನ್ ಕೋಳಿ ಕೆದಕಿದ ಆ ಸಾಲನ್ನು ದಿಟ್ಟಿಸಿ ನೋಡಿದ. ಈ ಸಲ ಬಾಯಿ ಬಿಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ಅವಳು ರಸ್ತೆ ಬದಿಗೆ ನೆಟ್ಟ ಹೆಸರಿನ ಹಲಗೆಗಳು ಬೆಳಗಾಗುವುದರಲ್ಲಿ ಮೋರಿಯಲ್ಲಿ ಬಿದ್ದಿರುತ್ತಿದ್ದವು. ಎತ್ತಿ ನೆಟ್ಟಳು. ಮತ್ತೆ ಬಿದ್ದವು. "ಮಕ್ಕಳನ್ನ ನೋಡ್ಕೊಳೋದು ಬಿಟ್ಟು ರಾಜಕೀಯ ಯಾಕೆ ಇವಳಿಗೆ" ಎಂದು ಪೆಟ್ರೋಲ್ ಬಂಕಿನಲ್ಲಿ ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು. ಆದರೂ ಚರ್ಚಿನ ಊಟಗಳಲ್ಲಿ ಹೆಂಗಸರು ಗುಸುಗುಸು ಮತಗಳ ಲೆಕ್ಕ ಹಾಕತೊಡಗಿದ್ದರು. ಆ ಲೆಕ್ಕ ಡ್ವೇನನ ಕಿವಿಗೂ ಬಿತ್ತು.

ಅಕ್ಟೋಬರ್ ಮೊದಲ ಸೋಮವಾರ ಶುಗರ್ ರನ್ ಹಳ್ಳಕ್ಕೆ ಎರಡು ಅಗೆಯುವ ಯಂತ್ರ ಬಂದವು, ಹಿಂದೆಯೇ ಕಾಂಕ್ರೀಟಿನ ಲಾರಿ. ಇಪ್ಪತ್ತೊಂದು ವರ್ಷ ಇಲ್ಲದ ದುಡ್ಡು ಇಪ್ಪತ್ತೊಂದು ದಿನದಲ್ಲಿ ಸಿಕ್ಕಿತ್ತು. ಐಲೀನ್ ಕೆಲಸದಿಂದ ಬರುವಾಗ ಡ್ವೇನ್ ಹಳದಿ ಟೋಪಿ ಹಾಕಿಕೊಂಡು ದಡದಲ್ಲಿ ನಿಂತಿದ್ದ.

"ನೋಡ್ದ್ಯಾ, ಮಗಳೇ? ನಿಮ್ಮಮ್ಮಂಗೆ ಹೇಳಿದ್ದೆ. ಕೆಟರ್‌ಮನ್ ಮಾತು ಕೊಟ್ರೆ ತಪ್ಪೋನಲ್ಲ."

"ಅಮ್ಮ ಮೇಲಿನ ಸ್ಮಶಾನದಲ್ಲಿದ್ದಾಳೆ. ಅಲ್ಲಿಗೆ ಹೋಗಿ ಹೇಳಿ. ಹೋದೋರು ಅಲ್ಲಿನ ಹುಲ್ಲನ್ನೂ ಕೊಯ್ಸಿ, ಮೊಣಕಾಲುದ್ದ ಬೆಳೆದಿದೆ."

ಅವನು ನಕ್ಕ. ಕಲ್ಲು ಎತ್ತಿ ಹೊಡೆಯಬೇಕು ಅನ್ನಿಸಿತು ಅವಳಿಗೆ. ಮನೆಗೆ ಹೋಗಿ ಮಕ್ಕಳಿಗೆ ಊಟಕ್ಕಿಟ್ಟಳು. ಪಾತ್ರೆಗಳನ್ನು ಅಷ್ಟು ಜೋರಾಗಿ ತೊಳೆದದ್ದಕ್ಕೆ ಮಲಗಿದ್ದ ಗಂಡ ಎದ್ದು ಬಂದ.

ನವೆಂಬರ್‌ನಲ್ಲಿ ಡ್ವೇನ್‌ಗೆ ಇನ್ನೂರ ಹದಿನಾಲ್ಕು ಮತ, ಐಲೀನ್‌ಗೆ ನೂರ ತೊಂಬತ್ತೊಂಬತ್ತು. ಅಂಚೆ ಕಚೇರಿಯ ಮುಂದೆ ಲೆಸ್ಟರ್ ನೋಲ್ ಸಮಾಧಾನ ಹೇಳಲು ಬಂದ. "ನಿನಗೆ ಬೇಕಿದ್ದದ್ದು ಸೇತುವೆ ತಾನೆ? ಆಯ್ತಲ್ಲ. ಮತ್ಯಾಕೆ ಈ ಮುಖ?" ಅವಳು ಅವನನ್ನು ದಾಟಿಕೊಂಡು ಹೋದಳು.

ಡಿಸೆಂಬರ್ ಎಂಟರಂದು ಮೊದಲ ದೊಡ್ಡ ಹಿಮ ಬಿತ್ತು. ಬೆಳಿಗ್ಗೆ ಐದಕ್ಕೆ ಟೌನ್‌ಶಿಪ್ಪಿನ ಲಾರಿ ಗುಡ್ಡ ಹತ್ತಿತು. ಸೇಯರ್ ಮನೆಯ ದಾರಿಗೆ ಇಳಿಯಲಿಲ್ಲ. ರಸ್ತೆಯ ಹಿಮವನ್ನೆಲ್ಲ ತಳ್ಳಿಕೊಂಡು ಬಂದು ಆ ದಾರಿಯ ಬಾಯಿಗೆ ಎದೆಯೆತ್ತರ ಗುಡ್ಡೆ ಹಾಕಿ ಮುಂದೆ ಹೋಯಿತು.

ಸುದ್ದಿ ತಿಳಿದದ್ದೇ ಐಲೀನ್ ಪಿಕಪ್ಪಿನಲ್ಲಿ ಎರಡು ಸಲಿಕೆ ಹಾಕಿಕೊಂಡು, ಪಾಳಿ ಮುಗಿಸಿ ಬಂದ ಗಂಡನನ್ನು ಬೂಟು ಬಿಚ್ಚಲೂ ಬಿಡದೆ ಕೂರಿಸಿಕೊಂಡು ಹೊರಟಳು. ಕ್ಲೆಲ್ ಆಗಲೇ ಟ್ರ್ಯಾಕ್ಟರಿಗೆ ಹಲಗೆ ಕಟ್ಟಿಕೊಂಡು ಮೇಲಿನಿಂದ ತಳ್ಳುತ್ತಿದ್ದ. ಕೆಳಗಿನಿಂದ ಇವರು ಅಗೆದರು. ವಿಲ್ಮಾ ಆಸ್ಪತ್ರೆ ಮುಟ್ಟಿದಾಗ ಐವತ್ತು ನಿಮಿಷ ತಡವಾಗಿತ್ತು.

ಸೇಯರ್ ಮನೆಗೆ ಹೋಗುವಾಗಲೂ ತನ್ನ ಮನೆಗೆ ಬರುವಾಗಲೂ ಐಲೀನ್ ಶುಗರ್ ರನ್ ಹಳ್ಳವನ್ನು ಸೇತುವೆಯ ಮೇಲೆಯೇ ದಾಟಿದಳು. ಮುಂದಿನ ಚಳಿಗಾಲ ಎಂದದ್ದು ಇಪ್ಪತ್ತೊಂದನೆಯದಾಗಿತ್ತು. ಡ್ವೇನ್ ಕೆಟರ್‌ಮನ್ ಕೊಟ್ಟ ಮಾತು ನಡೆಸಿದ.